ಕ್ಲೌಡ್ ಸರ್ವರ್ ಗಾತ್ರ ಬದಲಿಸುವ ಮುನ್ನ ಇಮೇಜ್ ತೆಗೆದಿಟ್ಟುಕೊಂಡಿದ್ದೀರಾ? ನೀವು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ

ಮುಂಬೈ: ಗಣೇಶ ಚತುರ್ಥಿಗೆ ಇನ್ನು ನಾಲ್ಕೇ ದಿನ. ಘಾಟ್ಕೋಪರ್‌ನ ಒಂದು ಸಿಹಿತಿಂಡಿ ಅಂಗಡಿಯ ವೆಬ್‌ಸೈಟ್‌ಗೆ ಮೋದಕದ ಆರ್ಡರ್‌ಗಳು ಒಂದೇ ಸಮನೆ ಬರುತ್ತಿವೆ ಎಂದುಕೊಳ್ಳಿ. ಪುಟ ತೆರೆಯಲು ಅರ್ಧ ನಿಮಿಷ ಬೇಕು. ಹಣ ಪಾವತಿ ನಡುವಿನಲ್ಲೇ ನಿಲ್ಲುತ್ತಿದೆ. ವೆಬ್‌ಸೈಟ್ ನೋಡಿಕೊಳ್ಳುವ ಹುಡುಗ ‘ಸರ್ವರ್ ಸೈಜ್ ದೊಡ್ಡದು ಮಾಡಿಬಿಡೋಣ ಸರ್, ಐದು ನಿಮಿಷದ ಕೆಲಸ’ ಎನ್ನುತ್ತಾನೆ.

ಅವನ ಮಾತು ಸುಳ್ಳಲ್ಲ. ಕ್ಲೌಡ್‌ನಲ್ಲಿ ಸರ್ವರ್ ದೊಡ್ಡದು ಮಾಡುವುದು ನಿಜಕ್ಕೂ ಕೆಲವೇ ಕ್ಲಿಕ್‌ಗಳ ಕೆಲಸ. ಆದರೆ ಆ ಐದು ನಿಮಿಷದಲ್ಲಿ ನಿಂತ ಸರ್ವರ್ ಮತ್ತೆ ಏಳದಿದ್ದರೆ? ಎದ್ದರೂ ಅದರ ವಿಳಾಸ ಬದಲಾಗಿದ್ದರೆ? ಹಬ್ಬ ಮುಗಿದ ಮೇಲೆ ಮತ್ತೆ ಚಿಕ್ಕದು ಮಾಡಲು ಆಗದೇ ಹೋದರೆ?

ಈ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ ಕಡೆ ಇದೆ. ಯಾವ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಯಾವುದನ್ನು ಆಗದು ಎಂಬುದನ್ನು ಮೊದಲೇ ತಿಳಿದಿರಬೇಕು. ಹಿಂದಕ್ಕೆ ಹೋಗುವ ದಾರಿಯಾಗಿ ಒಂದು ಇಮೇಜ್ ಕೈಯಲ್ಲಿರಬೇಕು. ಸಣ್ಣ ವ್ಯಾಪಾರಿಗಳು, ಸಂಘ ಸಂಸ್ಥೆಗಳು, ಈಗಷ್ಟೇ ಕ್ಲೌಡ್ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಉಪಯೋಗವಾಗುವ ಮಾಹಿತಿ ಇಲ್ಲಿದೆ.

ಮುಂಬೈಯಲ್ಲಿ ಕ್ಲೌಡ್ ಎಲ್ಲಿದೆ?

ಕ್ಲೌಡ್ ಎಂದರೆ ಆಕಾಶದಲ್ಲಿರುವ ವಸ್ತುವಲ್ಲ. ಅದು ಯಾವುದೋ ಊರಿನ ಡೇಟಾ ಸೆಂಟರ್‌ನಲ್ಲಿ ಸಾಲಾಗಿ ನಿಂತ ಕಂಪ್ಯೂಟರ್‌ಗಳ ಗುಂಪು. ದೇಶದಲ್ಲಿ ಇಂಥ ಕೇಂದ್ರಗಳು ಹೆಚ್ಚಾಗಿರುವುದು ಮುಂಬೈ ಮತ್ತು ನವಿ ಮುಂಬೈಯಲ್ಲಿ. ಐರೋಲಿ, ರಬಾಳೆ, ಮಹಾಪೆಯ ಕೈಗಾರಿಕಾ ಪ್ರದೇಶದಲ್ಲಿ ಹಲವು ಡೇಟಾ ಸೆಂಟರ್‌ಗಳಿವೆ. ಪನ್ವೇಲ್‌ನಲ್ಲಿ ಹಿರಾನಂದಾನಿ ಸಮೂಹದ ಯೊಟ್ಟಾ ಡೇಟಾ ಸೆಂಟರ್ 2020ರಲ್ಲಿ ಆರಂಭವಾಯಿತು. ಸಮುದ್ರದಡಿಯ ಇಂಟರ್ನೆಟ್ ಕೇಬಲ್‌ಗಳು ಮುಂಬೈ ತೀರಕ್ಕೆ ಬಂದು ಸೇರುವುದು, ಬ್ಯಾಂಕ್ ಮತ್ತು ಷೇರುಪೇಟೆಯ ಕಚೇರಿಗಳು ಇಲ್ಲೇ ಇರುವುದು ಇದಕ್ಕೆ ಮುಖ್ಯ ಕಾರಣ.

ಮೈಕ್ರೋಸಾಫ್ಟ್ ಅಜೂರ್ 2015ರಲ್ಲಿ ಭಾರತದಲ್ಲಿ ಮೂರು ರೀಜನ್‌ಗಳನ್ನು ತೆರೆಯಿತು. ಅದರ ‘ವೆಸ್ಟ್ ಇಂಡಿಯಾ’ ಇರುವುದು ಮುಂಬೈಯಲ್ಲಿ, ‘ಸೆಂಟ್ರಲ್ ಇಂಡಿಯಾ’ ಪುಣೆಯಲ್ಲಿ, ‘ಸೌತ್ ಇಂಡಿಯಾ’ ಚೆನ್ನೈಯಲ್ಲಿ. ಅಮೆಜಾನ್ ವೆಬ್ ಸರ್ವೀಸಸ್, ಅಂದರೆ ಎಡಬ್ಲ್ಯುಎಸ್, 2016ರ ಜೂನ್‌ನಲ್ಲಿ ಮುಂಬೈ ರೀಜನ್ ಆರಂಭಿಸಿತು. ಗೂಗಲ್ ಕ್ಲೌಡ್ 2017ರಲ್ಲಿ ಮುಂಬೈಗೆ ಬಂತು. ನಂತರ 2021ರಲ್ಲಿ ಗೂಗಲ್ ದೆಹಲಿಯಲ್ಲಿ, 2022ರಲ್ಲಿ ಎಡಬ್ಲ್ಯುಎಸ್ ಹೈದರಾಬಾದ್‌ನಲ್ಲಿ ಎರಡನೇ ರೀಜನ್ ತೆರೆದವು. ಸಣ್ಣ ಡೆವಲಪರ್‌ಗಳು ಹೆಚ್ಚಾಗಿ ಬಳಸುವ ಡಿಜಿಟಲ್‌ಓಷನ್‌ನ ಭಾರತದ ಕೇಂದ್ರ ಬೆಂಗಳೂರಿನಲ್ಲಿದೆ.

ವರ್ಚುವಲ್ ಮಷೀನ್ ಎಂದರೇನು?

ಗಿರಗಾಂವ್ ಅಥವಾ ಪರೇಲ್‌ನ ಚಾಳ್ ನೆನಪಿಸಿಕೊಳ್ಳಿ. ಕಟ್ಟಡ ಒಂದೇ, ಮೆಟ್ಟಿಲು ಒಂದೇ, ನೀರಿನ ಟ್ಯಾಂಕ್ ಒಂದೇ. ಆದರೆ ಪ್ರತಿ ಖೋಲಿಗೂ ಬೇರೆ ಬಾಗಿಲು, ಬೇರೆ ಬೀಗ, ಬೇರೆ ಸಂಸಾರ. ಡೇಟಾ ಸೆಂಟರ್‌ನ ಒಂದು ದೊಡ್ಡ ಕಂಪ್ಯೂಟರ್ ಕೂಡ ಹೀಗೆಯೇ. ಅದನ್ನು ಸಾಫ್ಟ್‌ವೇರ್ ಮೂಲಕ ಹಲವು ಖೋಲಿಗಳಾಗಿ ಹಂಚಲಾಗುತ್ತದೆ. ಒಂದೊಂದು ಖೋಲಿಯೂ ಒಂದೊಂದು ವರ್ಚುವಲ್ ಮಷೀನ್. ನೀವು ಬಾಡಿಗೆ ಕೊಡುವುದು ಆ ಖೋಲಿಗೆ.

ಪ್ರತಿ ವರ್ಚುವಲ್ ಮಷೀನ್‌ಗೂ ಎರಡು ಭಾಗಗಳಿರುತ್ತವೆ. ಒಂದು, ಪ್ರೊಸೆಸರ್ ಮತ್ತು ರ‍್ಯಾಮ್. ಇದು ಖೋಲಿಯ ವಿಸ್ತೀರ್ಣ. ಇನ್ನೊಂದು, ಡಿಸ್ಕ್. ಇದು ನಿಮ್ಮ ಸಾಮಾನು ತುಂಬಿದ ಪೆಟ್ಟಿಗೆ. ಗಾತ್ರ ಬದಲಿಸುವಾಗ ಸಾಮಾನ್ಯವಾಗಿ ಪೆಟ್ಟಿಗೆ ಹಾಗೆಯೇ ಇರುತ್ತದೆ, ಖೋಲಿ ಮಾತ್ರ ಬದಲಾಗುತ್ತದೆ. ಅದಕ್ಕಾಗಿಯೇ ಈ ಕೆಲಸ ಬೇಗ ಮುಗಿಯುವುದು.

ಇಮೇಜ್, ಸ್ನ್ಯಾಪ್‌ಶಾಟ್, ಬ್ಯಾಕಪ್: ಮೂರೂ ಒಂದೇನಾ?

ಅಲ್ಲ. ಹಲವರು ಮೂರನ್ನೂ ಒಂದೇ ಎಂದುಕೊಂಡು ತೊಂದರೆಗೆ ಸಿಲುಕುತ್ತಾರೆ.

ಸ್ನ್ಯಾಪ್‌ಶಾಟ್ ಎಂದರೆ ಒಂದು ಡಿಸ್ಕ್ ಒಂದು ಕ್ಷಣದಲ್ಲಿ ಹೇಗಿತ್ತೋ ಹಾಗೆ ತೆಗೆದಿಟ್ಟ ಪ್ರತಿ. ಎಡಬ್ಲ್ಯುಎಸ್‌ನಲ್ಲಿ ಮೊದಲ ಸ್ನ್ಯಾಪ್‌ಶಾಟ್ ಡಿಸ್ಕ್‌ನಲ್ಲಿರುವ ಎಲ್ಲ ಡೇಟಾವನ್ನೂ ಉಳಿಸುತ್ತದೆ. ಎರಡನೆಯದರಿಂದ ಆಚೆಗೆ ಬದಲಾದ ಭಾಗ ಮಾತ್ರ ಉಳಿಯುತ್ತದೆ. ಹಾಗಿದ್ದರೂ ಹಳೆಯದೊಂದನ್ನು ಅಳಿಸಿದರೆ ಹೊಸದು ಕೆಡುವುದಿಲ್ಲ.

ಇಮೇಜ್ ಎಂದರೆ ಹೊಸ ಸರ್ವರ್ ಹುಟ್ಟಿಸಲು ಬೇಕಾದ ಅಚ್ಚು. ಅದರಲ್ಲಿ ಆಪರೇಟಿಂಗ್ ಸಿಸ್ಟಂ, ನೀವು ಹಾಕಿದ ಸಾಫ್ಟ್‌ವೇರ್, ಸೆಟ್ಟಿಂಗ್‌ಗಳು ಇರುತ್ತವೆ. ಜೊತೆಗೆ ಯಾವ ಮಾದರಿಯ ಪ್ರೊಸೆಸರ್‌ಗೆ ಹೊಂದುತ್ತದೆ, ಎಷ್ಟು ಡಿಸ್ಕ್ ಜೋಡಿಸಬೇಕು ಎಂಬ ವಿವರವೂ ಇರುತ್ತದೆ. ಎಡಬ್ಲ್ಯುಎಸ್‌ನಲ್ಲಿ ಇದಕ್ಕೆ ಎಎಂಐ, ಅಂದರೆ ಅಮೆಜಾನ್ ಮಷೀನ್ ಇಮೇಜ್ ಎಂಬ ಹೆಸರು. ಒಂದು ಅಚ್ಚಿನಿಂದ ಎಷ್ಟು ಸರ್ವರ್ ಬೇಕಾದರೂ ತೆಗೆಯಬಹುದು.

ಬ್ಯಾಕಪ್ ಎಂದರೆ ದಿನವೂ ಬದಲಾಗುವ ಡೇಟಾವನ್ನು ಕ್ರಮ ತಪ್ಪದೆ ಉಳಿಸುವ ವ್ಯವಸ್ಥೆ. ಇಲ್ಲೇ ಒಂದು ಎಚ್ಚರಿಕೆ. ಬೆಳಿಗ್ಗೆ 10ಕ್ಕೆ ತೆಗೆದ ಇಮೇಜ್‌ಗೆ ಸಂಜೆ 6ಕ್ಕೆ ಮರಳಿದರೆ ಸರ್ವರ್ ಏನೋ ಎದ್ದು ನಿಲ್ಲುತ್ತದೆ, ಆದರೆ ನಡುವಿನ ಎಂಟು ಗಂಟೆಯ ಆರ್ಡರ್‌ಗಳು ಕಾಣೆಯಾಗಿರುತ್ತವೆ. ಆದ್ದರಿಂದ ಡೇಟಾಬೇಸ್ ಅನ್ನು ಬೇರೆ ಡಿಸ್ಕ್‌ನಲ್ಲಿ ಅಥವಾ ಬೇರೆ ಸೇವೆಯಲ್ಲಿ ಇಟ್ಟು, ಅದಕ್ಕೆ ಪ್ರತ್ಯೇಕ ಬ್ಯಾಕಪ್ ಮಾಡುವುದು ಕ್ಷೇಮ.

ಕ್ರಿಕೆಟ್ ಪಂದ್ಯ ಕಲಿಸಿದ ಪಾಠ

ಇಮೇಜ್‌ನ ಬೆಲೆ ಏನೆಂದು ತಿಳಿಯಲು ಮುಂಬೈ ಮೂಲದ ಹಾಟ್‌ಸ್ಟಾರ್ ಉದಾಹರಣೆಯೇ ಸಾಕು. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ಎದುರಾದಾಗ ಅದರಲ್ಲಿ ಏಕಕಾಲಕ್ಕೆ 2.53 ಕೋಟಿ ಮಂದಿ ಪಂದ್ಯ ನೋಡುತ್ತಿದ್ದರು. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್‌ನಲ್ಲಿ ಈ ಸಂಖ್ಯೆ 5.9 ಕೋಟಿಗೆ ಏರಿತು.

ಇಂಥ ಪಂದ್ಯದಲ್ಲಿ ನೋಡುಗರ ಸಂಖ್ಯೆ ಒಂದೇ ನಿಮಿಷದಲ್ಲಿ ಲಕ್ಷಗಟ್ಟಲೆ ಏರುತ್ತದೆ. 2019ರ ಆ ಪಂದ್ಯದಲ್ಲಿ ಧೋನಿ ಕ್ರೀಸ್‌ಗೆ ಬಂದಾಗ ಏರಿಕೆ, ಔಟಾದಾಗ ದಿಢೀರ್ ಇಳಿಕೆ. ಜನ ಬಂದ ಮೇಲೆ ಹೊಸ ಸರ್ವರ್ ತೆರೆದು, ಅದರಲ್ಲಿ ಸಾಫ್ಟ್‌ವೇರ್ ಒಂದೊಂದಾಗಿ ಹಾಕುತ್ತ ಕುಳಿತರೆ ಅಷ್ಟರಲ್ಲಿ ಓವರ್ ಮುಗಿದಿರುತ್ತದೆ. ಅದಕ್ಕೆ ಹಾಟ್‌ಸ್ಟಾರ್ ಎಂಜಿನಿಯರ್‌ಗಳು ಎರಡು ಕೆಲಸ ಮಾಡಿದ್ದರು. ಸಾಫ್ಟ್‌ವೇರ್ ಎಲ್ಲವನ್ನೂ ಮೊದಲೇ ತುಂಬಿದ ಸಿದ್ಧ ಇಮೇಜ್‌ಗಳನ್ನು ಇಟ್ಟುಕೊಂಡಿದ್ದರು. ಬೇಡಿಕೆ ಏರುವ ಮೊದಲೇ ಸರ್ವರ್‌ಗಳನ್ನು ಹೆಚ್ಚಿಸಿಕೊಳ್ಳುತ್ತಿದ್ದರು.

ಮಾಟುಂಗಾದ ಉಡುಪಿ ಹೋಟೆಲಿನವರಿಗೆ ಇದು ಹೊಸ ವಿಷಯವೇನಲ್ಲ. ಗಿರಾಕಿ ಬಂದು ಕುಳಿತ ಮೇಲೆ ಅಕ್ಕಿ ನೆನೆಹಾಕಿದರೆ ಇಡ್ಲಿ ಸಿಗುವುದಿಲ್ಲ. ಹಿಟ್ಟು ಹಿಂದಿನ ರಾತ್ರಿಯೇ ಉಬ್ಬಿ ನಿಂತಿರಬೇಕು. ಸಣ್ಣ ವೆಬ್‌ಸೈಟ್‌ಗೂ ಇದೇ ನಿಯಮ.

ಇಮೇಜ್ ಮಾಡುವಾಗ ಗಮನಿಸಬೇಕಾದ್ದು

ಮೊದಲನೆಯದು, ಸರ್ವರ್ ರೀಬೂಟ್. ಎಡಬ್ಲ್ಯುಎಸ್‌ನಲ್ಲಿ ಇಮೇಜ್ ತೆಗೆಯುವಾಗ ಸರ್ವರ್ ರೀಬೂಟ್ ಆಗುವ ಆಯ್ಕೆ ಸಾಮಾನ್ಯವಾಗಿ ಮೊದಲೇ ಆಯ್ದಿರುತ್ತದೆ. ರೀಬೂಟ್ ಬೇಡ ಎಂದು ಹೇಳಬಹುದು. ಆದರೆ ಆಗ ಬರೆಯುತ್ತಿದ್ದ ಫೈಲ್‌ಗಳು ಅರ್ಧಂಬರ್ಧ ಉಳಿದು ಇಮೇಜ್ ಸರಿಯಿಲ್ಲದೆ ಹೋಗಬಹುದು. ಜನ ಕಡಿಮೆ ಇರುವ ಸಮಯ ನೋಡಿ ರೀಬೂಟ್‌ಗೆ ಬಿಡುವುದೇ ಒಳ್ಳೆಯದು.

ಎರಡನೆಯದು, ಪಾಸ್‌ವರ್ಡ್ ಮತ್ತು ಕೀಗಳು. ಸರ್ವರ್‌ನಲ್ಲಿ ಇದ್ದದ್ದೆಲ್ಲ ಇಮೇಜ್ ಒಳಗೂ ಬರುತ್ತದೆ. ಡೇಟಾಬೇಸ್ ಪಾಸ್‌ವರ್ಡ್, ಪೇಮೆಂಟ್ ಗೇಟ್‌ವೇ ಕೀ, ಹಳೆಯ ಉದ್ಯೋಗಿಯ ಲಾಗಿನ್ ಎಲ್ಲವೂ ಸೇರಿ. ಇಮೇಜ್ ಅನ್ನು ಬೇರೆಯವರೊಂದಿಗೆ ಹಂಚಿಕೊಂಡರೆ ಇವನ್ನೂ ಹಂಚಿಕೊಂಡಂತೆಯೇ. ಇಮೇಜ್ ‘ಪಬ್ಲಿಕ್’ ಎಂದು ಗುರುತಾಗಿದೆಯೇ ಎಂದು ಎರಡು ಬಾರಿ ನೋಡಿ.

ಮೂರನೆಯದು, ಅಜೂರ್ ಬಳಸುವವರಿಗೆ. ಅಲ್ಲಿ ಎರಡು ಬಗೆಯ ಇಮೇಜ್‌ಗಳಿವೆ. ಇದ್ದ ಸರ್ವರ್‌ನ ತದ್ರೂಪು ಬೇಕಾದರೆ ‘ಸ್ಪೆಷಲೈಸ್ಡ್’. ಬಳಕೆದಾರರ ಗುರುತೆಲ್ಲ ಅಳಿಸಿದ ಸಾಮಾನ್ಯ ಅಚ್ಚು ಬೇಕಾದರೆ ‘ಜನರಲೈಸ್ಡ್’. ಎರಡನೆಯದನ್ನು ಆಯ್ದು ಸರ್ವರ್ ಅನ್ನು ಜನರಲೈಸ್ ಮಾಡಿದರೆ ಮೂಲ ಸರ್ವರ್ ಮತ್ತೆ ಆರಂಭವಾಗುವುದಿಲ್ಲ. ನಡೆಯುತ್ತಿರುವ ಅಂಗಡಿಯ ಸರ್ವರ್ ಮೇಲೆ ಈ ಪ್ರಯೋಗ ಬೇಡವೇ ಬೇಡ.

ನಾಲ್ಕನೆಯದು, ಹೆಸರು. ‘ಟೆಸ್ಟ್’, ‘ನ್ಯೂ’, ‘ಫೈನಲ್ 2’ ಎಂಬ ಹೆಸರುಗಳಿಂದ ಆರು ತಿಂಗಳ ನಂತರ ಏನೂ ತಿಳಿಯುವುದಿಲ್ಲ. ಯಾವ ಸರ್ವರ್, ಯಾವ ದಿನ, ಯಾವ ಕಾರಣಕ್ಕೆ ಎಂಬ ಮೂರೂ ಹೆಸರಿನಲ್ಲೇ ಇರಲಿ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಇಮೇಜ್‌ನಿಂದ ಒಂದು ಸಣ್ಣ ಸರ್ವರ್ ತೆರೆದು ವೆಬ್‌ಸೈಟ್ ಓಡುತ್ತದೆಯೇ ಎಂದು ನೋಡಿ, ನಂತರ ಅಳಿಸಿ. ಒಮ್ಮೆಯೂ ತೆರೆದು ನೋಡದ ಇಮೇಜ್ ನಂಬಿ ಕೂರುವಂತಿಲ್ಲ.

ಗಾತ್ರ ಬದಲಿಸುವ ಮೊದಲು: ಕೊರತೆ ಯಾವುದರದ್ದು?

ಸರ್ವರ್ ನಿಧಾನ ಎಂದ ಕೂಡಲೇ ದೊಡ್ಡದನ್ನು ಕೊಂಡರೆ ಹಣ ವ್ಯರ್ಥವಾಗಬಹುದು. ಎಡಬ್ಲ್ಯುಎಸ್‌ನ ಟಿ3 ಮೀಡಿಯಂ ಸರ್ವರ್‌ನಲ್ಲಿ 2 ವಿಸಿಪಿಯು, 4 ಜಿಬಿ ರ‍್ಯಾಮ್ ಇದೆ. ಅದರ ಮೇಲಿನ ಟಿ3 ಲಾರ್ಜ್‌ಗೆ ಹೋದರೆ ರ‍್ಯಾಮ್ 8 ಜಿಬಿ ಆಗುತ್ತದೆ, ವಿಸಿಪಿಯು ಮಾತ್ರ 2 ಆಗಿಯೇ ಉಳಿಯುತ್ತದೆ. ಸಮಸ್ಯೆ ಪ್ರೊಸೆಸರ್‌ನದ್ದಾಗಿದ್ದರೆ ಬಾಡಿಗೆ ಹೆಚ್ಚಾದಷ್ಟು ಪ್ರಯೋಜನ ಸಿಗುವುದಿಲ್ಲ. ಒಂದು ಮೆಟ್ಟಿಲು ಏರಿದರೆ ಬೆಲೆ ಸಾಮಾನ್ಯವಾಗಿ ದುಪ್ಪಟ್ಟಾಗುತ್ತದೆ ಎಂಬುದು ನೆನಪಿರಲಿ.

ಹೆಸರಿನ ಮೊದಲ ಅಕ್ಷರವೇ ಸರ್ವರ್‌ನ ಸ್ವಭಾವ ಹೇಳುತ್ತದೆ. ‘ಸಿ’ ಸಾಲಿನವು ಪ್ರೊಸೆಸರ್ ಹೆಚ್ಚು ಬೇಕಾದ ಕೆಲಸಕ್ಕೆ. ‘ಆರ್’ ಸಾಲಿನವು ರ‍್ಯಾಮ್ ಹೆಚ್ಚು ಬೇಡುವ ಡೇಟಾಬೇಸ್‌ಗಳಿಗೆ. ‘ಎಂ’ ಎರಡರ ನಡುವಿನದ್ದು. ‘ಟಿ’ ಸಾಲಿನದು ಆಗಾಗ ಮಾತ್ರ ಜೋರಾಗಿ ಓಡುವ ಸರ್ವರ್. ಸುಮ್ಮನಿದ್ದಾಗ ಅದು ಕ್ರೆಡಿಟ್ ಕೂಡಿಡುತ್ತದೆ, ಕೆಲಸ ಬಂದಾಗ ಖರ್ಚು ಮಾಡುತ್ತದೆ. ಹಬ್ಬದ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಕೆಲಸವಿದ್ದರೆ ಕ್ರೆಡಿಟ್ ಬರಿದಾಗಿ, ಸೆಟ್ಟಿಂಗ್‌ಗೆ ತಕ್ಕಂತೆ ಒಂದೋ ಸರ್ವರ್ ನಿಧಾನವಾಗುತ್ತದೆ ಇಲ್ಲವೇ ಬಿಲ್ ಏರುತ್ತದೆ.

ಹಾಗಾಗಿ ಕನಿಷ್ಠ ಎರಡು ವಾರದ ಬಳಕೆಯ ಅಂಕಿ ಅಂಶ ನೋಡಿ. ಇಲ್ಲೊಂದು ವಿಷಯ ಗೊತ್ತಿರಲಿ. ಎಡಬ್ಲ್ಯುಎಸ್‌ನ ಕ್ಲೌಡ್‌ವಾಚ್ ಪ್ರೊಸೆಸರ್ ಬಳಕೆಯನ್ನು ತಾನಾಗಿಯೇ ತೋರಿಸುತ್ತದೆ, ರ‍್ಯಾಮ್ ಬಳಕೆಯನ್ನು ತೋರಿಸುವುದಿಲ್ಲ. ಅದಕ್ಕೆ ಸರ್ವರ್ ಒಳಗೆ ಬೇರೆ ಏಜೆಂಟ್ ಹಾಕಬೇಕು.

ಯಾವುದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು? ಯಾವುದನ್ನು ಆಗದು?

ಪ್ರೊಸೆಸರ್ ಮತ್ತು ರ‍್ಯಾಮ್: ಹೆಚ್ಚಿಸಬಹುದು, ಕಡಿಮೆಯೂ ಮಾಡಬಹುದು. ಆದರೆ ಎಡಬ್ಲ್ಯುಎಸ್, ಗೂಗಲ್ ಮತ್ತು ಡಿಜಿಟಲ್‌ಓಷನ್‌ನಲ್ಲಿ ಸಾಮಾನ್ಯವಾಗಿ ಸರ್ವರ್ ನಿಲ್ಲಿಸಬೇಕು. ಅಜೂರ್‌ನಲ್ಲಿ ಓಡುತ್ತಿರುವ ಸರ್ವರ್‌ನ ಗಾತ್ರ ಬದಲಿಸಿದರೆ ಅದು ರೀಸ್ಟಾರ್ಟ್ ಆಗುತ್ತದೆ.

ಡಿಸ್ಕ್: ಹೆಚ್ಚಿಸುವುದು ಸುಲಭ. ಎಡಬ್ಲ್ಯುಎಸ್‌ನಲ್ಲಿ ಸರ್ವರ್ ಓಡುತ್ತಿರುವಾಗಲೇ ಹೆಚ್ಚಿಸಬಹುದು. ನಂತರ ಆಪರೇಟಿಂಗ್ ಸಿಸ್ಟಂ ಒಳಗೆ ಪಾರ್ಟಿಷನ್ ಮತ್ತು ಫೈಲ್ ಸಿಸ್ಟಂ ಕೂಡ ವಿಸ್ತರಿಸಬೇಕು, ಇಲ್ಲದಿದ್ದರೆ ಹೊಸ ಜಾಗ ಬಳಕೆಗೆ ಸಿಗದು. ಆದರೆ ಹೆಚ್ಚಿಸಿದ ಡಿಸ್ಕ್ ಅನ್ನು ಕಡಿಮೆ ಮಾಡಲು ಬಟನ್ ಇಲ್ಲ. ಹೊಸ ಸಣ್ಣ ಡಿಸ್ಕ್ ಮಾಡಿ ಎಲ್ಲವನ್ನೂ ಅದಕ್ಕೆ ಸಾಗಿಸುವುದೊಂದೇ ದಾರಿ. ಡಿಜಿಟಲ್‌ಓಷನ್‌ನಲ್ಲಿ ಎರಡು ಆಯ್ಕೆ ಕೇಳುತ್ತದೆ. ಪ್ರೊಸೆಸರ್ ಮತ್ತು ರ‍್ಯಾಮ್ ಮಾತ್ರ ಹೆಚ್ಚಿಸಿದರೆ ಮರಳಿ ಬರಬಹುದು. ಡಿಸ್ಕ್ ಕೂಡ ಹೆಚ್ಚಿಸಿದರೆ ಅದು ಶಾಶ್ವತ. ಹಬ್ಬದ ನಾಲ್ಕು ದಿನಕ್ಕೆ ಮೊದಲನೆಯದೇ ಸಾಕು.

ಐಪಿ ವಿಳಾಸ: ಎಡಬ್ಲ್ಯುಎಸ್‌ನಲ್ಲಿ ಸರ್ವರ್ ನಿಲ್ಲಿಸಿ ಮತ್ತೆ ಆರಂಭಿಸಿದರೆ ಸಾರ್ವಜನಿಕ ಐಪಿ ವಿಳಾಸ ಬದಲಾಗುತ್ತದೆ. ಅಜೂರ್ ಮತ್ತು ಗೂಗಲ್‌ನಲ್ಲೂ ಸ್ಥಿರ ವಿಳಾಸ ಕಾಯ್ದಿರಿಸದಿದ್ದರೆ ಬದಲಾಗಬಹುದು. ಡೊಮೈನ್ ಹಳೆಯ ವಿಳಾಸವನ್ನೇ ತೋರಿಸುತ್ತಿದ್ದರೆ ಸರ್ವರ್ ಚೆನ್ನಾಗಿದ್ದರೂ ಗಿರಾಕಿಗೆ ಅಂಗಡಿ ಮುಚ್ಚಿದಂತೆ ಕಾಣುತ್ತದೆ. ಸ್ಥಿರ ವಿಳಾಸವನ್ನು ಮೊದಲೇ ಪಡೆದಿಡಿ.

ತಾತ್ಕಾಲಿಕ ಡಿಸ್ಕ್: ಕೆಲವು ಸರ್ವರ್‌ಗಳೊಂದಿಗೆ ವೇಗದ ತಾತ್ಕಾಲಿಕ ಡಿಸ್ಕ್ ಬರುತ್ತದೆ. ಎಡಬ್ಲ್ಯುಎಸ್‌ನಲ್ಲಿ ಇದರ ಹೆಸರು ಇನ್‌ಸ್ಟನ್ಸ್ ಸ್ಟೋರ್. ಸರ್ವರ್ ನಿಲ್ಲಿಸಿದ ಕೂಡಲೇ ಅದರಲ್ಲಿದ್ದ ಡೇಟಾ ಹೋಗುತ್ತದೆ. ಮರಳಿ ಸಿಗದು.

ಪ್ರೊಸೆಸರ್ ಜಾತಿ: ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ಗೆ ಮಾಡಿದ ಇಮೇಜ್ ಅಮೆಜಾನ್‌ನ ಆರ್ಮ್ ಮಾದರಿಯ ಗ್ರ್ಯಾವಿಟಾನ್ ಸರ್ವರ್‌ನಲ್ಲಿ ಓಡುವುದಿಲ್ಲ. ಅಗ್ಗ ಎಂದು ಗಾತ್ರ ಬದಲಿಸುವಾಗಲೇ ಅದಕ್ಕೆ ಹೋಗಲು ಆಗದು, ಹೊಸ ಇಮೇಜ್ ಕಟ್ಟಬೇಕು. ತುಂಬಾ ಹಳೆಯ ಸರ್ವರ್‌ನಿಂದ ಹೊಸ ಪೀಳಿಗೆಗೆ ಹೋಗುವಾಗಲೂ ನೆಟ್‌ವರ್ಕ್ ಮತ್ತು ಡಿಸ್ಕ್ ಡ್ರೈವರ್‌ಗಳು ಇಮೇಜ್‌ನಲ್ಲಿ ಇವೆಯೇ ಎಂದು ನೋಡಬೇಕು.

ಜಾಗ: ಸರ್ವರ್ ನಿಲ್ಲಿಸಿದ ಮೇಲೆ ನಿಮಗೆ ಬೇಕಾದ ಗಾತ್ರ ಆ ಝೋನ್‌ನಲ್ಲಿ ಆ ಹೊತ್ತಿಗೆ ಖಾಲಿ ಇಲ್ಲದೆಯೂ ಇರಬಹುದು. ಅಂಥ ಸಮಯದಲ್ಲಿ ಇಮೇಜ್ ಇದ್ದರೆ ಬೇರೆ ಝೋನ್‌ನಲ್ಲಿ ಅಥವಾ ಬೇರೆ ಗಾತ್ರದಲ್ಲಿ ಸರ್ವರ್ ತೆರೆಯಬಹುದು.

ಬಿಲ್ ಎಲ್ಲಿ ಸೋರುತ್ತದೆ?

‘ಸರ್ವರ್ ಆಫ್ ಮಾಡಿದ್ದೇನೆ, ಇನ್ನು ಬಿಲ್ ಬರಲ್ಲ’ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಎಡಬ್ಲ್ಯುಎಸ್‌ನಲ್ಲಿ ನಿಲ್ಲಿಸಿದ ಸರ್ವರ್‌ಗೆ ಬಾಡಿಗೆ ಇಲ್ಲ, ಆದರೆ ಡಿಸ್ಕ್‌ಗೆ ಬಾಡಿಗೆ ಇದೆ. ಅಜೂರ್‌ನಲ್ಲಿ ವಿಂಡೋಸ್ ಒಳಗಿನಿಂದ ಶಟ್‌ಡೌನ್ ಮಾಡಿದರೆ ಬಾಡಿಗೆ ನಿಲ್ಲುವುದಿಲ್ಲ, ಪೋರ್ಟಲ್‌ನಲ್ಲಿ ‘ಡಿಅಲೊಕೇಟ್’ ಆಗಬೇಕು. ಡಿಜಿಟಲ್‌ಓಷನ್‌ನಲ್ಲಿ ಆಫ್ ಆದ ಸರ್ವರ್‌ಗೂ ಪೂರ್ಣ ಬಾಡಿಗೆ. ಅಲ್ಲಿ ಉಳಿತಾಯ ಬೇಕಾದರೆ ಸ್ನ್ಯಾಪ್‌ಶಾಟ್ ತೆಗೆದು ಸರ್ವರ್ ಅಳಿಸಬೇಕು.

ಎಡಬ್ಲ್ಯುಎಸ್ 2024ರ ಫೆಬ್ರವರಿ 1ರಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್ ಶುಲ್ಕ ವಿಧಿಸುತ್ತಿದೆ. 30 ದಿನಕ್ಕೆ ಲೆಕ್ಕ ಹಾಕಿದರೆ 3.6 ಡಾಲರ್. ಬಳಸದೇ ಬಿಟ್ಟ ವಿಳಾಸಕ್ಕೂ ಇದು ಅನ್ವಯ.

ಹಳೆಯ ಇಮೇಜ್‌ಗಳದ್ದೂ ಇದೇ ಕಥೆ. ಎಎಂಐ ತೆಗೆದುಹಾಕಿದ ಮಾತ್ರಕ್ಕೆ ಅದರ ಹಿಂದಿನ ಸ್ನ್ಯಾಪ್‌ಶಾಟ್‌ಗಳು ತಾವಾಗಿ ಅಳಿಯುವುದಿಲ್ಲ. ಅವನ್ನೂ ಅಳಿಸಲು ಹೇಳಬೇಕು. ಹಾಗೆಂದು ಎಲ್ಲವನ್ನೂ ಗುಡಿಸಿ ಹಾಕಬೇಡಿ. ಈಗ ಓಡುತ್ತಿರುವ ಗಾತ್ರದ್ದೊಂದು, ಅದಕ್ಕೂ ಹಿಂದಿನದೊಂದು, ಹೀಗೆ ಪರೀಕ್ಷಿಸಿದ ಎರಡಾದರೂ ಇರಲಿ.

ಇಮೇಜ್ ಮುಂಬೈಯಲ್ಲಿ ಮಾತ್ರ ಇದ್ದರೆ ಸಾಕೇ?

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಮುಂಬೈಯವರು ಮರೆತಿಲ್ಲ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಗ್ರಿಡ್ ವೈಫಲ್ಯದಿಂದ ನಗರದ ಬಹುಭಾಗದಲ್ಲಿ ಕರೆಂಟ್ ಹೋಗಿ ಲೋಕಲ್ ರೈಲುಗಳೇ ನಿಂತಿದ್ದವು. ಡೇಟಾ ಸೆಂಟರ್‌ಗಳಿಗೆ ಜನರೇಟರ್ ಇರುತ್ತದೆ ನಿಜ. ಆದರೂ ಒಂದೇ ಊರನ್ನು ನಂಬಿ ಎಲ್ಲವನ್ನೂ ಇಡುವುದು ಜಾಣತನವಲ್ಲ.

ಎಡಬ್ಲ್ಯುಎಸ್‌ನಲ್ಲಿ ಮುಂಬೈಯಲ್ಲಿ ಮಾಡಿದ ಇಮೇಜ್ ಮುಂಬೈ ರೀಜನ್‌ನಲ್ಲಿ ಮಾತ್ರ ಇರುತ್ತದೆ. ಹೈದರಾಬಾದ್‌ನಲ್ಲೂ ಬೇಕಾದರೆ ನೀವೇ ನಕಲು ಮಾಡಬೇಕು. ಅದಕ್ಕೂ ಮೊದಲು ಖಾತೆಯಲ್ಲಿ ಹೈದರಾಬಾದ್ ರೀಜನ್ ಸಕ್ರಿಯಗೊಳಿಸಬೇಕು. ಗೂಗಲ್ ಕ್ಲೌಡ್‌ನಲ್ಲಿ ಕಥೆ ಬೇರೆ. ಇಮೇಜ್ ಎಲ್ಲಿ ಸಂಗ್ರಹವಾಗಬೇಕು ಎಂದು ಆಯ್ಕೆ ಮಾಡದಿದ್ದರೆ ಅದು ‘ಏಷ್ಯಾ’ ಎಂಬ ವಿಶಾಲ ವ್ಯಾಪ್ತಿಗೆ ಹೋಗಬಹುದು. ಆ ವ್ಯಾಪ್ತಿ ಭಾರತಕ್ಕೆ ಸೀಮಿತವಲ್ಲ. ಕೆಲವರಿಗೆ ಇದು ಕಾನೂನಿನ ಪ್ರಶ್ನೆಯೂ ಹೌದು.

ಕಾನೂನು ಏನು ಹೇಳುತ್ತದೆ?

ಪಾವತಿ ವ್ಯವಸ್ಥೆಯ ಸಂಪೂರ್ಣ ಡೇಟಾ ಭಾರತದಲ್ಲೇ ಸಂಗ್ರಹವಾಗಬೇಕು ಎಂದು ಆರ್‌ಬಿಐ 2018ರ ಏಪ್ರಿಲ್ 6ರಂದು ಸೂಚಿಸಿತು. ಪಾವತಿ ಸೇವೆ ನೀಡುವ ಸಂಸ್ಥೆಗಳು ಮತ್ತು ಅವುಗಳಿಗೆ ಕೆಲಸ ಮಾಡಿಕೊಡುವ ಕಂಪನಿಗಳ ಸರ್ವರ್ ಇಮೇಜ್‌ನಲ್ಲಿ ಅಂಥ ಡೇಟಾ ಇದ್ದರೆ, ಅದನ್ನು ಸಿಂಗಪುರಕ್ಕೆ ನಕಲು ಮಾಡುವುದೂ ಡೇಟಾವನ್ನು ಹೊರಗೆ ಕಳಿಸಿದಂತೆಯೇ. ಎರಡನೇ ಪ್ರತಿಗೆ ಹೈದರಾಬಾದ್, ದೆಹಲಿ, ಪುಣೆ, ಚೆನ್ನೈ ಇವೆ.

ಇನ್ನೊಂದು, ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ. ಇದರ ಪ್ರಕಾರ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಉಳಿಸಬೇಕು. ಸೈಬರ್ ಘಟನೆ ನಡೆದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಹಳೆಯ ಸರ್ವರ್ ಅಳಿಸಿ ಇಮೇಜ್‌ನಿಂದ ಹೊಸದನ್ನು ಎಬ್ಬಿಸಿದರೆ ಹಳೆಯದರ ಒಳಗಿದ್ದ ಲಾಗ್‌ಗಳೂ ಅದರೊಂದಿಗೆ ಹೋಗುತ್ತವೆ. ಲಾಗ್‌ಗಳನ್ನು ಸರ್ವರ್ ಹೊರಗೆ, ಬೇರೆ ಸಂಗ್ರಹದಲ್ಲಿ ಇಡುವ ವ್ಯವಸ್ಥೆ ಮಾಡಿಕೊಳ್ಳಿ.

ಕೆಲಸದ ಕ್ರಮ ಹೀಗಿರಲಿ

1. ಕೊರತೆ ಪ್ರೊಸೆಸರ್‌ನದ್ದೋ, ರ‍್ಯಾಮ್‌ನದ್ದೋ, ಡಿಸ್ಕ್‌ನದ್ದೋ ನೋಡಿ.
2. ಡೇಟಾಬೇಸ್‌ಗೆ ಪ್ರತ್ಯೇಕ ಬ್ಯಾಕಪ್ ತೆಗೆಯಿರಿ.
3. ದಿನಾಂಕ ಸಹಿತ ಹೆಸರಿಟ್ಟು ಇಮೇಜ್ ಮಾಡಿ.
4. ಆ ಇಮೇಜ್‌ನಿಂದ ಹೊಸ ಗಾತ್ರದ ಸರ್ವರ್ ತೆರೆದು ಪರೀಕ್ಷಿಸಿ.
5. ಸ್ಥಿರ ಐಪಿ ವಿಳಾಸ, ತಾತ್ಕಾಲಿಕ ಡಿಸ್ಕ್ ಎರಡನ್ನೂ ನೋಡಿಕೊಳ್ಳಿ.
6. ಗಿರಾಕಿಗಳು ಕಡಿಮೆ ಇರುವ ರಾತ್ರಿ ಸಮಯದಲ್ಲಿ ಗಾತ್ರ ಬದಲಿಸಿ.
7. ವೆಬ್‌ಸೈಟ್, ಪಾವತಿ, ಇಮೇಲ್ ಮೂರನ್ನೂ ನೀವೇ ಒಮ್ಮೆ ಬಳಸಿ ನೋಡಿ.
8. ಹಬ್ಬ ಮುಗಿದ ಮೇಲೆ ಮತ್ತೆ ಚಿಕ್ಕದು ಮಾಡಲು ದಿನ ಗೊತ್ತುಮಾಡಿ ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಬೇಡಿಕೆ ಪ್ರತಿ ವರ್ಷ ಏರುತ್ತಿದ್ದರೆ ಒಂದೇ ಸರ್ವರ್ ಅನ್ನು ದೊಡ್ಡದು ಮಾಡುತ್ತ ಹೋಗುವುದಕ್ಕಿಂತ, ಒಂದೇ ಇಮೇಜ್‌ನಿಂದ ಎರಡು ಮೂರು ಸಣ್ಣ ಸರ್ವರ್ ತೆರೆದು ಮುಂದೆ ಲೋಡ್ ಬ್ಯಾಲೆನ್ಸರ್ ಇಡುವುದು ಉತ್ತಮ. ಆಗ ಒಂದನ್ನು ನಿಲ್ಲಿಸಿದರೂ ಅಂಗಡಿ ತೆರೆದೇ ಇರುತ್ತದೆ. ಆದರೆ ಅದಕ್ಕೆ ಮೊದಲು ಡೇಟಾಬೇಸ್ ಮತ್ತು ಗಿರಾಕಿಗಳು ಅಪ್‌ಲೋಡ್ ಮಾಡಿದ ಫೈಲ್‌ಗಳು ಸರ್ವರ್‌ನಿಂದ ಹೊರಗೆ ಬಂದಿರಬೇಕು.

ಹಾಗಾದರೆ ಘಾಟ್ಕೋಪರ್‌ನ ಆ ಅಂಗಡಿಗೆ ನಾಲ್ಕು ದಿನ ಸಾಕೇ? ಸಾಕು. ಇವತ್ತು ರಾತ್ರಿ ಇಮೇಜ್, ನಾಳೆ ಪರೀಕ್ಷೆ, ನಾಳಿದ್ದು ರಾತ್ರಿ ಗಾತ್ರ ಬದಲಾವಣೆ. ಚತುರ್ಥಿಯ ದಿನ ಸರ್ವರ್ ಮುಟ್ಟುವ ಅಗತ್ಯವೇ ಬರಬಾರದು.